ಷಡ್ಡಕರ ಕುದುರೆಗಳು, ಮಾವನ ಕನ್ನಡಕ

ಮಾವನ ಮನೆಯ ಹಜಾರದಲ್ಲಿ, ಒಳಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವ ಗೋಡೆಯ ಮೇಲೆ, ಎಷ್ಟೋ ವರ್ಷಗಳಿಂದ ಒಂದು ಕ್ಯಾಲೆಂಡರ್ ರಾರಾಜಿಸುತ್ತಿತ್ತು. ಅದು ಆ ಮನೆಯ ಹಿರಿಯ ಅಳಿಯಂದಿರ ಕನ್ನಡಕದಂಗಡಿಯ ಕ್ಯಾಲೆಂಡರ್. ತಿಂಗಳಿಗೊಂದು ಬಗೆಯ ಫ್ರೇಮು, ಕೆಳಗೆ ದಪ್ಪಕ್ಷರದಲ್ಲಿ ಅಂಗಡಿಯ ವಿಳಾಸ. ಆ ಭಾನುವಾರ ಅಳಿಯಂದಿರು ಹೆಂಡತಿಯೊಡನೆ ಹೋಗಿ ನೋಡಿದರೆ, ಅದೇ ಮೊಳೆಗೆ ಎರಡು ಕುದುರೆಗಳು ನೇತಾಡುತ್ತಿದ್ದವು.

ನಿಜವಾದ ಕುದುರೆಗಳನ್ನೇ ನೇತುಹಾಕಿದ್ದರೂ ಅವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಇವು ಷಡ್ಡಕರು ಬರೆದ ಕುದುರೆಗಳು.

(ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಹುಡುಕದೆ, ಕೇಳದೆ, ತಾನಾಗಿಯೇ ಬಂದು ಒಕ್ಕರಿಸುವ ಸಂಬಂಧ.)

ಕನ್ನಡಕದಂಗಡಿಯವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುವುದು. ಮನೆಯಲ್ಲೂ ಅವರು ಯಜಮಾನರೇ. ಆದರೆ ಆ ಮಾತಿಗೆ ಸ್ವಲ್ಪವಾದರೂ ಅರ್ಥವಿದ್ದದ್ದು ಅಂಗಡಿಯಲ್ಲಿ. ಷಡ್ಡಕರು ಡ್ರೈವಿಂಗ್ ಶಾಲೆಯ ಮಾಸ್ತರು. ದಿನವಿಡೀ ಅಪರಿಚಿತರ ಪಕ್ಕದಲ್ಲಿ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಕೂತು ಅವರ ನರಗಳೆಲ್ಲ ಬಿಗಿದುಹೋಗಿದ್ದವು. ಮನಸ್ಸಿಗೆ ಹಗುರವಾಗುವಂಥದ್ದು ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದ್ದರಂತೆ. ಮಾಸ್ತರು ಬಣ್ಣ, ಕುಂಚ ತಂದುಕೊಂಡರು. ಅವರ ಮನಸ್ಸು ಹಗುರವಾಯಿತು. ಆ ಭಾರವೆಲ್ಲ ನೇರವಾಗಿ ಬಂದು ಯಜಮಾನರ ಎದೆಯ ಮೇಲೆ ಕೂತಿತು.

"ಹೇಗಿದೆ ಅಳಿಯಂದ್ರೇ?" ಎಂದು ಮಾವ ಗೋಡೆಯ ಕಡೆ ಕೈ ತೋರಿಸಿದರು. ತಾವೇ ಆ ಕುದುರೆಗಳನ್ನು ಹೆತ್ತವರ ಹಾಗೆ ಅವರ ಮುಖ ಅರಳಿತ್ತು.

"ಚೆನ್ನಾಗಿದೆ," ಎಂದರು ಯಜಮಾನರು. ಆಮೇಲೆ ಷಡ್ಡಕರ ಕಡೆ ತಿರುಗಿ, "ಇದರಲ್ಲಿ ಯಾವುದು ಕುದುರೆ ಮಾಸ್ತರೇ?" ಎಂದರು.

"ಎರಡೂ, ಅಣ್ಣ."

"ಓಹೋ. ಈ ಕಡೇದಕ್ಕೆ ಐದು ಕಾಲು ಕಾಣ್ತು, ಅದಕ್ಕೆ ಕೇಳ್ದೆ."

"ಅದು ಬಾಲ, ಅಣ್ಣ," ಎಂದರು ಮಾಸ್ತರು, ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ. ಕಾರನ್ನು ಮರಕ್ಕೆ ಗುದ್ದಿಸಿದವರನ್ನೂ 'ಪರವಾಗಿಲ್ಲ, ಇನ್ನೊಂದು ಸಲ' ಎಂದು ಸಮಾಧಾನ ಮಾಡಿ ಅಭ್ಯಾಸವಿದ್ದ ಮನುಷ್ಯ. ಅವರು ಬೇಜಾರು ಮಾಡಿಕೊಳ್ಳದಿದ್ದದ್ದು ಯಜಮಾನರಿಗೆ ಇನ್ನೊಂದು ಬೇಜಾರು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಅತ್ತೆ ಒಳಗಿನಿಂದ ಕೇಕ್ ತಂದರು. ಭಾನುವಾರಕ್ಕೊಂದು ಕೇಕ್ ಮಾಡುವುದು ಅತ್ತೆಯ ಪದ್ಧತಿ. ಕತ್ತರಿಸುವುದು ಮಾವನ ಅಧಿಕಾರ. ಮಾವ ನಿವೃತ್ತ ದರ್ಜಿ. ಬಟ್ಟೆಗೆ ಕತ್ತರಿ ಹಾಕುವುದು ನಿಂತ ಮೇಲೆ ಆ ಕೈಚಳಕವನ್ನೆಲ್ಲ ಕೇಕಿನ ಮೇಲೆ ತೋರಿಸುತ್ತಿದ್ದರು. ಚೌಕದ ಕೇಕಿಗೆ ನಾಲ್ಕು ಮೂಲೆ ಇರುವುದು ನಿಜ. ಆದರೆ ಅವರು ಮೊದಲು ಕತ್ತರಿಸುವ ಮೂಲೆ ಒಂದೇ. ಮೂರು ಕಡೆಯಿಂದಲೂ ಕ್ರೀಮು ಮೆತ್ತಿದ್ದ ಆ ತುಂಡಿನ ಮೇಲೆ ಅತ್ತೆ ಒಂದು ಕೆಂಪು ಚೆರಿ ಹಣ್ಣನ್ನು ಇಟ್ಟಿರುತ್ತಿದ್ದರು. ಮದುವೆಯಾದಂದಿನಿಂದ ಆ ಮೂಲೆ ಯಜಮಾನರ ಪಿತ್ರಾರ್ಜಿತ ಆಸ್ತಿ ಎನ್ನುವ ಹಾಗಿತ್ತು. (ಹೆಂಡತಿಯ ಪಿತೃವಿನದು ಎಂದಿಟ್ಟುಕೊಳ್ಳಿ.)

"ಇವತ್ತು ಮೂಲೆ ಕಲಾವಿದರಿಗೆ," ಎಂದು ಮಾವ ಆ ತುಂಡನ್ನು ಮಾಸ್ತರ ತಟ್ಟೆಗೆ ಹಾಕಿದರು.

ಯಜಮಾನರಿಗೆ ನಡುವಿನ ತುಂಡು ಬಂತು. ಅದರಲ್ಲಿ ಕ್ರೀಮು ಇದ್ದದ್ದು ನೆತ್ತಿಯ ಮೇಲೆ ಮಾತ್ರ, ಅದೂ ಅವರ ಸ್ವಂತ ನೆತ್ತಿಯ ಮೇಲಿನ ಕೂದಲಿನಷ್ಟು.

ಮನೆಗೆ ನಡೆದು ಬರುವಾಗ ಅವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೆಂಡತಿಗೆ ಆ ಬೀಗದ ಕೈ ಎಲ್ಲಿದೆ ಎಂದು ಗೊತ್ತಿತ್ತು.

"ಕ್ಯಾಲೆಂಡರ್ ಎಲ್ಲಿಗೂ ಹೋಗಿಲ್ಲ ರೀ. ಅಡುಗೆಮನೇಲಿ ಹಾಕಿದ್ದಾರೆ ಅಮ್ಮ."

"ಅಡುಗೆಮನೇಲಿ ಎಲ್ಲಿ?"

"ಬಾಗಿಲ ಹಿಂದೆ."

"ಬಾಗಿಲು ತೆಗೆದಿದ್ದರೆ ಕಾಣಲ್ಲ."

"ಮುಚ್ಚಿದರೆ ಕಾಣತ್ತಲ್ಲ."

"ಅಡುಗೆಮನೆ ಬಾಗಿಲು ಯಾರಾದ್ರೂ ಮುಚ್ಚುತಾರೇನೇ?"

ಹೆಂಡತಿ ನಕ್ಕಳು. "ಅವರು ಕುದುರೆ ಬರೆದರು, ನೀವು ಹೊಟ್ಟೆಕಿಚ್ಚು ಪಡ್ತಾ ಇದ್ದೀರಿ. ಅಷ್ಟೇ."

"ನನಗೇಕೆ ಹೊಟ್ಟೆಕಿಚ್ಚು? ಮನಸ್ಸು ಮಾಡಿದರೆ ನಾನೂ ಬರೀತೀನಿ."

ಬಾಯಿ ತಪ್ಪಿ ಬಂದ ಮಾತು. ಆದರೆ ಹೆಂಡತಿ "ಬರೀರಿ ನೋಡೋಣ" ಎಂದುಬಿಟ್ಟಳು. ಗಂಡಸಿಗೆ ಇದಕ್ಕಿಂತ ದೊಡ್ಡ ಸವಾಲು ಇನ್ನೊಂದಿಲ್ಲ.

ಮಧ್ಯಾಹ್ನದ ಹೊತ್ತು ಅಂಗಡಿಗೆ ಗಿರಾಕಿಗಳು ಕಡಿಮೆ. ಯಜಮಾನರು ಬಣ್ಣದ ಪೆಟ್ಟಿಗೆಯನ್ನು ಕೌಂಟರಿನ ಕೆಳಗೆ ಬಚ್ಚಿಟ್ಟುಕೊಂಡು ಕಲಾಸೇವೆಗೆ ತೊಡಗಿದರು. ಏನು ಬರೆಯುವುದು ಎಂಬ ಪ್ರಶ್ನೆ ಬಂತು. ಪ್ರಾಣಿಗಳು ಬೇಡ, ಕಾಲು ಎಣಿಸುವ ಜನ ಇರುತ್ತಾರೆ. ಅಲುಗಾಡದ ವಸ್ತುವೇ ಲೇಸು. ಅತ್ತೆಯ ಕೇಕನ್ನೇ ಬರೆದರೆ? ಅತ್ತೆಗೂ ಹಿಗ್ಗು, ಮಾವನಿಗೂ ಹಿಗ್ಗು, ಕಳೆದುಕೊಂಡ ಮೂಲೆಯನ್ನು ಚಿತ್ರದಲ್ಲಾದರೂ ದಕ್ಕಿಸಿಕೊಂಡ ಹಾಗೆ. ಆ ಉಪಾಯಕ್ಕೆ ಅವರು ತಾವೇ ತಮ್ಮ ಬೆನ್ನು ತಟ್ಟಿಕೊಂಡರು.

ಬೇಕರಿಯಿಂದ ಚೆರಿ ಹಣ್ಣಿನ ಕೇಕ್ ತುಂಡೊಂದನ್ನು ತಂದು ಮುಂದಿಟ್ಟುಕೊಂಡು ಶುರುಮಾಡಿದರು. ಕಷ್ಟ ಅಲ್ಲಿಯೇ ಇತ್ತು. ಕೇಕು ಕುದುರೆಯ ಹಾಗೆ ಓಡಿಹೋಗುವುದಿಲ್ಲ, ನಿಜ; ಆದರೆ ಕಲಾವಿದನ ಬಾಯಿಯೊಳಕ್ಕೆ ಹೋಗುತ್ತದೆ. ಎಡಗಡೆಯ ಅಂಚು ಬರೆದಾದ ಮೇಲೆ ಅದರ ಅಗತ್ಯವಿಲ್ಲವಲ್ಲ ಎಂದು ಅದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಮಾರನೆಯ ದಿನ ಹೊಸ ತುಂಡು. ಅದರ ಆಕಾರ ಬೇರೆ, ಆದ್ದರಿಂದ ಚಿತ್ರ ತಿದ್ದಬೇಕಾಯಿತು. ತಿದ್ದಿದ ಮೇಲೆ ಆ ತುಂಡಿನದೂ ಅಗತ್ಯ ಮುಗಿಯಿತು. ವಾರ ಮುಗಿಯುವ ಹೊತ್ತಿಗೆ ಚಿತ್ರಕ್ಕಿಂತ ಹೆಚ್ಚಾಗಿ ಕಲಾವಿದರೇ ಮೈತುಂಬಿಕೊಂಡಿದ್ದರು. ಒಂದು ಸಲ ಕುಂಚ ಅದ್ದಿದ್ದು ಕ್ರೀಮಿಗೋ ಬಿಳಿ ಬಣ್ಣಕ್ಕೋ ಎಂದು ಅನುಮಾನ ಬಂತು, ನೆಕ್ಕಿ ನೋಡಿದರು. ಬಣ್ಣವೇ ಆಗಿತ್ತು.

ಮುಂದಿನ ಭಾನುವಾರ ಚಿತ್ರವನ್ನು ಕಾಗದದಲ್ಲಿ ಸುತ್ತಿಕೊಂಡು ಮಾವನ ಮನೆಗೆ ಹೋದರು. ಎಲ್ಲರೂ ಸೇರಿದ ಮೇಲೆ ಬಿಚ್ಚಿ ಮಾವನ ಕೈಗೆ ಕೊಟ್ಟರು. ಮಾವ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಿಟಕಿಯ ಬಳಿ ಒಯ್ದರು. ಮೂಗಿನ ಮೇಲಿದ್ದ ಅವರ ಕನ್ನಡಕದ ಒಂದು ಕಾಲು ಮುರಿದು, ಅಲ್ಲಿ ನೀಲಿ ದಾರ ಸುತ್ತಿ ತೇಪೆ ಹಾಕಲಾಗಿತ್ತು. (ಅಳಿಯ ಕನ್ನಡಕದ ವ್ಯಾಪಾರಿ. ಆದರೂ ಮಾವ ಅದನ್ನು ಬದಲಾಯಿಸಲು ಒಪ್ಪಿರಲಿಲ್ಲ. ತನ್ನ ಕಣ್ಣಿಗೆ ಏನೂ ಆಗಿಲ್ಲ, ಈಗಲೂ ಹೊಲಿಯುತ್ತೇನೆ ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸಿಡುತ್ತಿದ್ದವರು ಅತ್ತೆ.)

"ಅಬ್ಬ, ಎಂಥ ಸೋಫಾ," ಎಂದರು ಮಾವ. "ಮೇಲೆ ಕೆಂಪು ದಿಂಬು ಬೇರೆ. ಕೂತ್ಕೊಂಡುಬಿಡೋಣ ಅನ್ನಿಸತ್ತೆ."

ನಾದಿನಿ ಕೆಮ್ಮು ಬಂದವಳ ಹಾಗೆ ಮಾಡಿ ಒಳಗೆ ಓಡಿದಳು. ಯಜಮಾನರ ಹೆಂಡತಿ ಕಿಟಕಿಯ ಪರದೆಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು. ಮಾಸ್ತರು ಮಾತ್ರ ಹತ್ತಿರ ಬಂದು, "ಬಣ್ಣ ಹಿಡಿದಿರೋ ರೀತಿ ಚೆನ್ನಾಗಿದೆ ಅಣ್ಣ, ನಿಧಾನಕ್ಕೆ ಕೈ ಕೂಡತ್ತೆ," ಎಂದರು. ಯಜಮಾನರಿಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆದರೆ ಆ ನೋವಿನಲ್ಲೇ ಅವರ ತಲೆಯಲ್ಲಿ ದೀಪ ಹೊತ್ತಿತು. ಕೇಕನ್ನು ಸೋಫಾ ಎನ್ನುವ ಮನುಷ್ಯನ ಕಣ್ಣು ಯಾವ ಸ್ಥಿತಿಯಲ್ಲಿರಬೇಕು? ಆ ಕಣ್ಣಿನಿಂದಲ್ಲವೇ ಕುದುರೆಗಳನ್ನು ಮೆಚ್ಚಿದ್ದು? ಮಾವನಿಗೆ ಕಂಡದ್ದು ಕುದುರೆಗಳಲ್ಲ, ಎರಡು ಕಂದು ಮಬ್ಬು. ಇಷ್ಟು ದಿನ ತಾನು ಷಡ್ಡಕರ ಕಲೆಯ ಮೇಲೆ ಕರುಬಿದ್ದೇ ದಂಡ. ಅದು ಕಲೆಯಲ್ಲ, ಮಾವನ ದೃಷ್ಟಿದೋಷ. ಸರಿಯಾದ ಗಾಜು ಹಾಕಿಬಿಟ್ಟರೆ ಐದನೆಯ ಕಾಲು ತಾನಾಗಿ ಕಣ್ಣಿಗೆ ಹೊಡೆಯುತ್ತದೆ, ಚಿತ್ರ ತಾನಾಗಿ ಗೋಡೆಯಿಂದ ಇಳಿಯುತ್ತದೆ. ಷಡ್ಡಕರಿಗೆ ಮಣ್ಣುಮುಕ್ಕಿಸಲು ಕುಂಚ ಬೇಕಿಲ್ಲ, ತನ್ನ ವೃತ್ತಿಯೇ ಸಾಕು.

"ಮಾವ, ನಾಳೆ ಅಂಗಡಿಗೆ ಬನ್ನಿ. ಕಣ್ಣು ನೋಡ್ತೀನಿ," ಎಂದರು.

"ನನ್ನ ಕಣ್ಣಿಗೇನಾಗಿದೆ?"

"ಏನೂ ಆಗಿಲ್ಲ ಅಂತ ಗೊತ್ತಾದರೂ ಒಳ್ಳೇದೇ ಅಲ್ವಾ?"

ಅತ್ತೆ ನಡುವೆ ಬಾಯಿ ಹಾಕಿದರು. "ಹೋಗಿಬನ್ನಿ. ಹೋದ ವಾರ ಹಿಟ್ಟಿನ ಡಬ್ಬಿ ಪಕ್ಕ ಇದ್ದ ಬೆಕ್ಕನ್ನ ಒರೆಸೋ ಬಟ್ಟೆ ಅಂತ ಎತ್ತಿಕೊಂಡ್ರಿ. ಅದು ಪರಚಿದ ಗಾಯ ಇನ್ನೂ ಆರಿಲ್ಲ."

ಮಾವ ಬಂದರು. ಯಜಮಾನರು ತಮ್ಮ ವೃತ್ತಿಜೀವನದಲ್ಲಿ ಯಾವ ಕಣ್ಣನ್ನೂ ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ. ಗೋಡೆಯ ಅಕ್ಷರಗಳಲ್ಲಿ ಮೇಲಿನ ದೊಡ್ಡದೊಂದನ್ನು ಬಿಟ್ಟರೆ ಮಿಕ್ಕದ್ದನ್ನೆಲ್ಲ ಮಾವ ಊಹಿಸಿ ಹೇಳಿದರು. ಗಾಜಿನ ಮೇಲೆ ಗಾಜು ಬದಲಾಯಿಸುತ್ತ ಯಜಮಾನರು, "ಇದರಲ್ಲಿ ಚೆನ್ನಾಗಿ ಕಾಣತ್ತೋ, ಇದರಲ್ಲೋ?" ಎಂದು ಕೇಳಿದ್ದೇ ಕೇಳಿದ್ದು. ಮಾವನಿಗೆ ಬೇಸರ ಬಂದು, "ಎರಡರಲ್ಲೂ ನೀವೇ ಕಾಣ್ತೀರಲ್ಲ ಅಳಿಯಂದ್ರೇ," ಎಂದರು. ಆದರೂ ಯಜಮಾನರು ಬಿಡಲಿಲ್ಲ. ಕುದುರೆಯ ಬಾಲಕ್ಕೂ ಕಾಲಿಗೂ ಇರುವ ವ್ಯತ್ಯಾಸ ಹಜಾರದ ಈ ತುದಿಯಿಂದ ಕಾಣಬೇಕು. ಅದಕ್ಕೆ ಕಡಿಮೆಯಾದ ಗಾಜು ಅವರಿಗೆ ಬೇಡ. ಅಂಗಡಿಯಲ್ಲಿದ್ದ ಅತ್ಯಂತ ಹಗುರವಾದ ಫ್ರೇಮನ್ನು ಆರಿಸಿದರು. ತಾವೇ ಗಾಜು ಕೂರಿಸಿ, ತಾವೇ ತಿರುಪು ಬಿಗಿದು, ತಮ್ಮ ಅಂಗಿಯ ತುದಿಯಿಂದ ತಾವೇ ಒರೆಸಿದರು. ಮಾವನ ಮೇಲೆ ಗಂಡನಿಗೆ ಇಷ್ಟೊಂದು ಪ್ರೀತಿಯೇ ಎಂದು ಹೆಂಡತಿಗೆ ಕಣ್ಣು ತೇವವಾಯಿತು. ಆ ರಾತ್ರಿ ಅವಳು ಗಂಡನ ತಟ್ಟೆಗೆ ಕೇಳದೆಯೇ ಎರಡನೆಯ ಸಲ ಬಡಿಸಿದಳು. ಯಜಮಾನರು ಕಣ್ಣೆತ್ತದೆ ಉಂಡರು.

ಭಾನುವಾರ ಬಂತು. ಹಜಾರದಲ್ಲಿ ಎಲ್ಲರೂ ಇದ್ದರು. ಯಜಮಾನರು ಕನ್ನಡಕವನ್ನು ಮಾವನ ಮೂಗಿನ ಮೇಲಿಟ್ಟು, ಭುಜ ಹಿಡಿದು ಮೆಲ್ಲನೆ ಗೋಡೆಯ ಕಡೆ ತಿರುಗಿಸಿದರು.

"ಈಗ ನೋಡಿ ಮಾವ. ನಿಧಾನವಾಗಿ ನೋಡಿ."

ಮಾವ ನೋಡಿದರು. ತುಂಬ ಹೊತ್ತು ನೋಡಿದರು. ಅವರ ಹುಬ್ಬು ಗಂಟಾಯಿತು. ಮಾಸ್ತರು ಪಾಪ, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಶಾಲೆಯ ಮಗುವಿನ ಹಾಗೆ ಕೈ ಕಟ್ಟಿ ನಿಂತಿದ್ದರು.

"ಛೇ ಛೇ," ಎಂದರು ಮಾವ ಕೊನೆಗೆ.

"ಹೇಳಿ ಮಾವ, ಸಂಕೋಚ ಬೇಡ," ಎಂದರು ಯಜಮಾನರು.

"ಇಷ್ಟು ದಿನ ನಾನು ಏನನ್ನೂ ನೋಡೇ ಇರಲಿಲ್ಲವಲ್ಲ. ಕುದುರೆ ಕಣ್ಣಲ್ಲಿ ಹೊಳಪಿದೆ. ನೀರಲ್ಲಿ ಅದರ ನೆರಳಿದೆ. ಇದು ಬಾಲ. ಬಾಲದ ಒಂದೊಂದು ಕೂದಲನ್ನೂ ಬೇರೆ ಬೇರೆ ಬರೆದಿದ್ದಾರೆ. ನಾನು ಇದನ್ನ ಕಾಲು ಅಂದ್ಕೊಂಡಿದ್ದೆ, ಹೇಳೋಕೆ ಸಂಕೋಚವಾಗಿ ಸುಮ್ಮನಿದ್ದೆ."

ಯಜಮಾನರು ಹತ್ತಿರದ ಕುರ್ಚಿಯನ್ನು ಹಿಡಿದುಕೊಂಡರು. ಮಾವ ಹಾಗೆಯೇ ತಿರುಗಿದರು. ಮೂಲೆಯ ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಯಜಮಾನರ ಚಿತ್ರದ ಮೇಲೆ ಅವರ ಹೊಸ ಕಣ್ಣು ಬಿತ್ತು.

"ಅಳಿಯಂದ್ರೇ, ನನ್ನಿಂದ ತಪ್ಪಾಯ್ತು. ಇದು ಸೋಫಾ ಅಲ್ಲ."

ಯಜಮಾನರ ಜೀವ ಮರಳಿ ಬಂತು. "ಪರವಾಗಿಲ್ಲ ಮಾವ. ಕಣ್ಣು ಸರಿಯಿರಲಿಲ್ಲವಲ್ಲ."

"ಮಂಚ," ಎಂದರು ಮಾವ.

ಈ ಸಲ ನಾದಿನಿಗೆ ಒಳಗೆ ಓಡಲು ಸಮಯ ಸಿಗಲಿಲ್ಲ.

ಮಾವನಿಗೆ ನಗುವಿನ ಕಾರಣ ತಿಳಿಯಲಿಲ್ಲ. ತಿಳಿದುಕೊಳ್ಳುವ ವ್ಯವಧಾನವೂ ಇರಲಿಲ್ಲ. ಅವರು ಮನೆಯೆಲ್ಲ ಸುತ್ತಿ ನೋಡುತ್ತಿದ್ದರು. ಕಿಟಕಿಯ ಸರಳು, ಬೆಕ್ಕಿನ ಮೀಸೆ, ಹೆಂಡತಿಯ ಮುಖ. ಅತ್ತೆಯ ಮುಖವನ್ನು ನೋಡಿ ನಿಂತವರು, ಅವರ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿದರು. ಅತ್ತೆ "ಥೂ, ಎಲ್ಲರ ಮುಂದೆ," ಎಂದು ಹಿಂದೆ ಸರಿದರು. ಆಮೇಲೆ ಮಾವ ಹಜಾರದ ನಡುವೆ ನಿಂತು ಘೋಷಿಸಿದರು.

"ನಮ್ಮ ದೊಡ್ಡ ಅಳಿಯಂದ್ರು ನನಗೆ ಕಣ್ಣು ಕೊಟ್ಟಿದ್ದಾರೆ. ಇದನ್ನ ನಾನು ಮರೆಯೋ ಹಾಗಿಲ್ಲ. ಇವರದ್ದೊಂದು ಚಿತ್ರ ಈ ಮನೇಲಿ ಇರಬೇಕು. ಮಾಸ್ತರೇ, ನೀವೇ ಬರೀರಿ."

"ಅದಕ್ಕೇನು ಮಾವ, ಸಂತೋಷವಾಗಿ," ಎಂದರು ಮಾಸ್ತರು. "ಅಣ್ಣ ಒಂದು ಭಾನುವಾರ ಅಲ್ಲಾಡದೆ ಕೂತರೆ ಸಾಕು."

ಯಜಮಾನರು ನೂರು ನೆಪ ಹೇಳಿದರು. ಸೊಂಟ ನೋವು, ಅಂಗಡಿಯ ಕೆಲಸ, ತನ್ನ ಮುಖದಲ್ಲಿ ನೋಡುವಂಥದ್ದೇನಿದೆ ಎಂಬ ವಿನಯ. ಕೊನೆಯ ನೆಪವನ್ನು ಎಲ್ಲರೂ ಒಪ್ಪಿದರು, ಆದರೆ ಬಿಡಲಿಲ್ಲ.

ಹೀಗೆ ಮರುವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಟಕಿಯ ಬೆಳಕಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತರು. ಮಾಸ್ತರು ಚಿತ್ರ ಬರೆಯುವಾಗಲೂ ಮಾಸ್ತರೇ.

"ಅಣ್ಣ, ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಆಂ, ಬ್ರೇಕ್. ಈಗ ಕತ್ತು ನಿಧಾನಕ್ಕೆ ಮೇಲಕ್ಕೆ. ಜರ್ಕ್ ಬೇಡ. ಕಣ್ಣು ಮುಂದಿನ ರಸ್ತೆ ಮೇಲಿರಲಿ."

"ಇಲ್ಲಿ ಯಾವ ರಸ್ತೆ?"

"ನಿಮಗೆ ಇಷ್ಟವಾದ್ದು ಯಾವುದನ್ನಾದ್ರೂ ನೋಡ್ತಾ ಇರಿ ಅಣ್ಣ."

ಯಜಮಾನರಿಗೆ ಇಷ್ಟವಾದದ್ದು ಅಷ್ಟರಲ್ಲಿ ಅಡುಗೆಮನೆಯಿಂದ ಹೊರಗೆ ಬರುತ್ತಿತ್ತು. ಅತ್ತೆ ಕೇಕನ್ನು ಮೇಜಿನ ಮೇಲಿಟ್ಟರು. ಬೆಣ್ಣೆ, ಸಕ್ಕರೆ, ಕಾಯಿಸಿದ ಹಾಲಿನ ವಾಸನೆ ಹಜಾರವನ್ನೆಲ್ಲ ತುಂಬಿತು. ಮಾವ ಹೊಸ ಕನ್ನಡಕ ಏರಿಸಿ, ಬಾಗಿ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದ ಹಾಗೆ ಕತ್ತರಿಸಿದರು.

"ನಿಮ್ಮ ಪಾಲು ತೆಗೆದಿಟ್ಟಿದ್ದೀನಿ," ಎಂದು ಅತ್ತೆ ಯಜಮಾನರಿಗೆ ಹೇಳಿದರು. "ಮಾಸ್ತರೇ, ನೀವು ಒಂದು ಕೈಯಲ್ಲಿ ತಿನ್ನುತ್ತಾ ಬರೀರಿ. ಪಾಪ, ಬೆಳಿಗ್ಗೆಯಿಂದ ನಿಂತಿದ್ದೀರಿ."

ಮೂಲೆಯ ತುಂಡು ಚೆರಿಯ ಸಮೇತ ಮಾಸ್ತರ ಎಡಗೈಗೆ ಬಂತು. ಬಲಗೈಯಲ್ಲಿ ಕುಂಚ, ಎಡಗೈಯಲ್ಲಿ ಕೇಕು. ಒಂದು ಗೆರೆ ಎಳೆಯುವುದು, ಒಂದು ಕಚ್ಚು ಕಚ್ಚುವುದು. ಯಜಮಾನರ ಕಣ್ಣು ಆ ಎಡಗೈಯ ಜೊತೆಗೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಅಣ್ಣ," ಎಂದರು ಮಾಸ್ತರು ಚೆರಿ ಅಗಿಯುತ್ತ, "ಈಗಿರೋ ಮುಖ ಹಾಗೇ ಇರಲಿ. ಬಹಳ ಚೆನ್ನಾಗಿ ಬರ್ತಾ ಇದೆ."

ಸಂಜೆ ಚಿತ್ರ ಮುಗಿಯಿತು. ಸ್ಟೂಲಿನಿಂದ ಏಳುವಾಗ ಯಜಮಾನರಿಗೆ ಉಳಿದಿದ್ದ ಆಸೆ ಒಂದೇ: ಅದು ಕೆಟ್ಟದಾಗಿರಲಿ. ಮೂಗು ಸೊಟ್ಟಗಿರಲಿ, ಕಿವಿ ಮೂರಿರಲಿ. ಮುಂದೆ ಬಂದು ನೋಡಿದರು. ಚಿತ್ರ ಚೆನ್ನಾಗಿತ್ತು. ಅದಕ್ಕಿಂತ ಘೋರವಾದದ್ದು ಏನೂ ಆಗುವಂತಿರಲಿಲ್ಲ. ನೆತ್ತಿಯ ಬೋಳು ಅವರದೇ. ಗಲ್ಲದ ಕೆಳಗಿನ ಎರಡನೆಯ ಗಲ್ಲ ಅವರದೇ. ತುಟಿಗಳು ಬಿಗಿದಿದ್ದವು, ಮೂಗಿನ ಹೊಳ್ಳೆ ಸ್ವಲ್ಪ ಅರಳಿತ್ತು, ಕಣ್ಣುಗಳು ಚಿತ್ರದಿಂದ ಆಚೆ ಯಾವುದೋ ಒಂದನ್ನು ಓರೆಯಾಗಿ, ಕೆಂಪಗೆ, ಆಸೆಯಿಂದಲೂ ಹಗೆಯಿಂದಲೂ ನೋಡುತ್ತಿದ್ದವು.

"ಥೇಟ್ ನೀವೇ," ಎಂದಳು ಹೆಂಡತಿ.

"ನನ್ನ ಮುಖ ಇಷ್ಟು ಹುಳಿಯಾಗಿದೆಯೇನೇ?"

"ದಿನಾ ಅಲ್ಲ ರೀ. ಭಾನುವಾರ ಮಾತ್ರ."

ಮಾವ ಚಿತ್ರವನ್ನು ನೋಡಿದರು, ಅಳಿಯನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ದರ್ಜಿಯ ಕಣ್ಣು ಅದು, ಈಗ ಹೊಸ ಗಾಜು ಬೇರೆ. "ಅಳಿಯಂದ್ರೇ, ಹೊಟ್ಟೆ ಹತ್ತಿರದ ಗುಂಡಿ ಎರಡೂ ಕಿತ್ತುಕೊಂಡು ಬರೋ ಹಾಗಿದೆ. ಇಷ್ಟು ದಿನ ನನಗೆ ಕಂಡೇ ಇರಲಿಲ್ಲ. ಇನ್ನು ಸ್ವಲ್ಪ ದಿನ ನಿಮಗೆ ಸಿಹಿ ಬೇಡ," ಎಂದು ತೆಗೆದಿಟ್ಟಿದ್ದ ತುಂಡನ್ನು ಕೈಯಾರೆ ಎತ್ತಿ ಮಾಸ್ತರ ತಟ್ಟೆಗೆ ಹಾಕಿದರು. ಆ ಮನೆಯಲ್ಲಿ ಅಳಿಯನ ಆರೋಗ್ಯದ ಬಗ್ಗೆ ಎಲ್ಲರಿಗೂ ಎಷ್ಟೊಂದು ಕಾಳಜಿ ಇತ್ತೆಂದರೆ, ಯಜಮಾನರ ಪರವಾಗಿ ಬೆಕ್ಕು ಕೂಡ ಮಿಯಾಂ ಎನ್ನಲಿಲ್ಲ.

ಮಾಸ್ತರು ಆ ತುಂಡನ್ನೂ ಮುಗಿಸಿ, ಕೈ ಒರೆಸಿಕೊಂಡು, ಯಜಮಾನರ ಪಕ್ಕಕ್ಕೆ ಬಂದು ಕೂತರು.

"ಅಣ್ಣ, ಮಾವನಿಗೆ ಮಾಡಿಕೊಟ್ಟ ಹಾಗೆ ನನ್ನ ಕಣ್ಣೂ ಸ್ವಲ್ಪ ನೋಡ್ತೀರಾ? ಇತ್ತೀಚೆಗೆ ದೂರದ್ದೆಲ್ಲ ಮಬ್ಬು. ರಸ್ತೆ ಬದಿ ಬೋರ್ಡು ಓದಕ್ಕಾಗಲ್ಲ, ಕಲಿಯೋಕೆ ಬಂದವರೇ ಓದಿ ಹೇಳ್ತಾರೆ. ಈಗ ನೀವು ಅಲ್ಲಿ ಕೂತಿದ್ದಾಗಲೂ ಅಷ್ಟೇ, ಅಂದಾಜಿನ ಮೇಲೆ ಬರೆದೆ."

ಯಜಮಾನರು ಚಿತ್ರದ ಕಡೆ ನೋಡಿದರು. ಮಬ್ಬುಗಣ್ಣಿಗೇ ಇಷ್ಟು ಕಂಡಿದೆ. ಜೀವನದಲ್ಲಿ ಮೊದಲ ಸಲ ಒಬ್ಬ ಗಿರಾಕಿಗೆ 'ನಿಮಗೆ ಕನ್ನಡಕ ಬೇಡ' ಎನ್ನುವ ಮಾತು ಅವರ ನಾಲಿಗೆಯ ತುದಿಗೆ ಬಂತು.

"ನಿಮ್ಮ ಕಣ್ಣಿಗೇನಾಗಿದೆ ಮಾಸ್ತರೇ. ಸುಮ್ಮನೆ ಆಯಾಸ ಇರಬೇಕು."

"ರೀ," ಎಂದಳು ಹೆಂಡತಿ, "ಅವರು ಕಾರು ಕಲಿಸೋರು."

ಹೆಂಡತಿಯ ಆ 'ರೀ' ಎಂಬ ಒಂದಕ್ಷರದಲ್ಲಿ ಎಷ್ಟೆಷ್ಟೋ ಅಡಗಿರುತ್ತದೆ. ಸೋಮವಾರ ಮಾಸ್ತರು ಅಂಗಡಿಗೆ ಬಂದರು. ಯಜಮಾನರು ಕಣ್ಣು ನೋಡಿದರು. ಆ ಕಣ್ಣಿಟ್ಟುಕೊಂಡು ಇವರು ಈವರೆಗೆ ಬದುಕಿದ್ದೇ ಹೆಚ್ಚು, ಇವರಿಂದ ಕಲಿತವರು ಬದುಕಿರುವುದು ಇನ್ನೂ ಹೆಚ್ಚು ಎನ್ನಿಸಿ, ಹೊಟ್ಟೆಕಿಚ್ಚನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ಸರಿಯಾದ ಗಾಜನ್ನೇ ಹಾಕಿಕೊಟ್ಟರು.

ಆ ವಾರವೆಲ್ಲ ಯಜಮಾನರು ಅಂಗಡಿಗೆ ನಡೆದೇ ಹೋದರು. ಗಿರಾಕಿಗಳಿಲ್ಲದಾಗ ಅಂಗಡಿಯ ಕನ್ನಡಿಯ ಮುಂದೆ ನಿಂತು ಮುಖವನ್ನು ಸಡಿಲ ಬಿಡುವುದನ್ನು ಅಭ್ಯಾಸ ಮಾಡಿದರು. ಮಂದಹಾಸ ಒಂದು ಮಟ್ಟಕ್ಕೆ ಕೂಡಿಬಂತು. ಭಾನುವಾರ ಅದೇ ಮಂದಹಾಸವನ್ನು ಧರಿಸಿಕೊಂಡು, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು, ಮಾವನ ಮನೆಯ ಹಜಾರದಲ್ಲಿ ಕೂತರು. ಕೇಕ್ ಬಂತು, ಕೇಕ್ ಹೋಯಿತು. ಮಂದಹಾಸ ಅಲ್ಲಾಡಲಿಲ್ಲ.

ಎದುರಿನ ಕುರ್ಚಿಯಲ್ಲಿ ಮಾಸ್ತರು ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರು ಯಜಮಾನರ ಮುಖವನ್ನು ದಿಟ್ಟಿಸಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಗೌರವದಿಂದ ಕೇಳಿದರು:

"ಅಣ್ಣ, ಇನ್ನೊಂದು ಸಲ ಕೂತ್ಕೊಳ್ತೀರಾ? ಹೋದ ಸಲ ಎಷ್ಟೋ ಬಿಟ್ಟುಹೋಗಿದೆ."